ಒತ್ತು ಸಾಲಿನ ಕೌದಿ

ಅಥವಾ ಅದು ಆಷಾಢದ ಗಾಳಿಯೇ ಅಲ್ಲವೇನೋ. ನನ್ನ ನೆನಪಿನಲ್ಲಿ ಪಡಸಾಲೆಯ ತುಂಬ ಹಾಸಿದ ಕೌದಿಯ ಬಟ್ಟೆ ಗಾಳಿಗೆ ಉಬ್ಬಿ ಏಳುತ್ತದೆ, ಅವ್ವ "ಹಿಡ್ಕಳ್ರೇ, ಹಿಡ್ಕಳ್ರೇ" ಎನ್ನುತ್ತಾಳೆ, ನಾವು ನಾಲ್ಕು ಜನ ನಾಲ್ಕು ಮೂಲೆಗೆ ಅಂಗೈ ಒತ್ತಿ ಕೂರುತ್ತೇವೆ. ಆದರೆ ಬಟ್ಟೆ ಹಾಸಿದ್ದು ಶ್ರಾವಣ ಹುಟ್ಟಿದ ಮೇಲೆ. ಅದೊಂದು ಖಚಿತ, ಏಕೆಂದರೆ ಜಗಳವೆಲ್ಲ ನಡೆದದ್ದು ಶ್ರಾವಣ ಬಂದರೂ ಅಕ್ಕ ಹೊರಡಲಿಲ್ಲ ಎಂಬುದರ ಮೇಲೇ. ಆಷಾಢದ ಗಾಳಿ ಶ್ರಾವಣದ ಬಟ್ಟೆಯನ್ನು ಎತ್ತುವುದು ಹೇಗೆ? ಹಿರಿಯೂರಿನ ಕಡೆ ಗಾಳಿ ಪಂಚಾಂಗ ನೋಡಿಕೊಂಡು ನಿಲ್ಲುವುದಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಹಾಗೆ ಹೇಳಿಕೊಂಡಾಗಲೆಲ್ಲ ಅನುಮಾನ ಹೆಚ್ಚುತ್ತದೆ. ಎರಡು ಬೇರೆ ಬೇರೆ ದಿನಗಳನ್ನು ಯಾವಾಗಲೋ ಒಟ್ಟಿಗೆ ಸೇರಿಸಿ ಹೊಲಿದುಬಿಟ್ಟಿದ್ದೇನೆ ಎನಿಸುತ್ತದೆ.

ಕಳೆದ ತಿಂಗಳು ಶ್ರೀರಾಂಪುರಕ್ಕೆ ಹೋಗಿದ್ದೆ, ಅಕ್ಕನ ಮನೆಗೆ. ಹೊಳಲ್ಕೆರೆಯಲ್ಲಿ ನಾನು ಪಾಠ ಮಾಡುವ ಶಾಲೆಗೆ ರಜೆ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವಾಸನೆ ಬಂತು: ನೆನೆದ ಹಳೆಯ ಹತ್ತಿ ಬಟ್ಟೆ, ಸೋಪಿನ ಪುಡಿ, ಅದರ ಅಡಿಯಲ್ಲಿ ಎಲ್ಲೋ ಸ್ವಲ್ಪ ಒಲೆಯ ಹೊಗೆ. ಅಕ್ಕ ಕೌದಿ ಒಗೆದು ಕಾಂಪೌಂಡ್ ಗೋಡೆಯ ಮೇಲೆ ಹಾಕಿದ್ದಳು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಮಗ್ಗುಲು ತಿರುಗಿಸಲು ನನ್ನನ್ನೇ ಕರೆದಳು. ಆ ತುದಿ ನಾನು, ಈ ತುದಿ ಅವಳು. ಬಿಸಿಲು ಓರೆಯಾಗಿ ಬಿದ್ದು ಹೊಲಿಗೆಯ ಸಾಲುಗಳು ಎದ್ದು ಕಂಡವು. ಮೂರು ಕಡೆ ಎರಡೆರಡು ಬೆರಳು ಜಾಗ ಬಿಟ್ಟು ಹಾಕಿದ ಸಾಲು. ಒಂದು ಕಡೆ ಮಾತ್ರ ಎರಡು ಸಾಲಿನ ನಡುವೆ ಜೋಳದ ಕಾಳೂ ಕೂರದಷ್ಟು ಒತ್ತು.

"ಇಲ್ಲಿಗೆ ವಾಪಸ್ ಬರಬಾರ್ದು ಅಂತ ಹಾಕಿದ್ದಲ್ಲೇನೇ ಇದು," ಎಂದೆ.

"ಯಾರು ಅಂದಿದ್ದು?" ಎಂದಳು ಅಕ್ಕ. "ನಂಗೆ ಒತ್ತಾಗಿ ಹಾಕಾದೇ ಬರಾದು. ಬ್ಲೌಸಿಗೂ ಹಂಗೇ ಹಾಕ್ತೀನಿ. ಸರಿಯಾಗಿ ಹಿಡ್ಕ, ಮಣ್ಣಿಗೆ ತಾಗ್ತೈತೆ."

ಇಷ್ಟು ವರ್ಷ ನಾನು ನನಗೇ ಹೇಳಿಕೊಂಡು ಬಂದಿದ್ದ ಕಥೆ ಅಷ್ಟಕ್ಕೇ ಅಲ್ಲಾಡಿತು. ಬಿದ್ದುಹೋಗಲಿಲ್ಲ. ಆ ಕಥೆ ಹೀಗಿದೆ.

ಆ ವರ್ಷ ಬೇಸಿಗೆಯಲ್ಲಿ ಅಕ್ಕನ ಮದುವೆಯಾಯಿತು. ಭಾವನ ಹೆಸರು ತಿಪ್ಪೇಸ್ವಾಮಿ. ಶ್ರೀರಾಂಪುರದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದೆಂಬ ಪದ್ಧತಿಯಂತೆ ಅಕ್ಕ ಆದಿವಾಲಕ್ಕೆ, ನಮ್ಮ ಮನೆಗೆ ಬಂದಳು. ಶ್ರಾವಣ ಹುಟ್ಟಿದ ಮೇಲೆ ಹೊರಡಬೇಕು. ಅವ್ವ ಚಕ್ಕುಲಿ ಸುಟ್ಟು ಡಬ್ಬಿಗೆ ತುಂಬಿದಳು. ಅಕ್ಕ ಬಟ್ಟೆ ಮಡಿಸಲಿಲ್ಲ. ಗೋಡೆಗೆ ಒರಗಿ ಕೂತು, "ಒಂದು ಕೌದಿ ಹೊಲ್ಕಂಡು ಹೋಗ್ತೀನಿ ಅವ್ವ, ಅಲ್ಲಿ ಹೊದಿಯಾಕೆ ಸರಿಯಾದ್ದು ಒಂದೂ ಇಲ್ಲ," ಎಂದಳು.

ಅವ್ವ ಒಲೆಯ ಮುಂದಿನಿಂದಲೇ ತಿರುಗಿ ನೋಡಿದಳು. ಹಳೆಯ ಸೀರೆಗಳ ಗಂಟು ಅಟ್ಟದ ಮೇಲೆ ಇತ್ತು, ಇಲ್ಲ ಎನ್ನುವಂತಿರಲಿಲ್ಲ. ಆಮೇಲೆ ಕೇಳಿದಳು.

"ಹೊಡೀತಾರೇನೇ ಸುಮಿ?"

"ಇಲ್ಲ."

"ಕುಡೀತಾರಾ?"

"ಇಲ್ಲ."

"ಅವರವ್ವ ಏನಾರ ಅಂತಾಳಾ?"

"ಪಾಪ, ಅವರು ಏನೂ ಅನ್ನಲ್ಲ."

"ಮತ್ತೇನೇ ನಿಂದು?"

"ಮಾತಾಡಲ್ಲವ್ವ ಅವರು. ಊಟ ಆತಾ ಅಂದ್ರೆ ಹೂಂ. ಮಳೆ ಬರಂಗೈತೆ ಅಂದ್ರೆ ಹೂಂ. ಗೋಡೆ ಜೊತೆ ಇದ್ದಂಗೆ ಐತೆ."

ಅವ್ವನಿಗೆ ನಗು ಬಂತು. ನಕ್ಕದ್ದು ನನಗೆ ನೆನಪಿದೆ, ಆ ನಗುವಿಗೆ ಅಕ್ಕನ ಮುಖ ಮುಚ್ಚಿಹೋದದ್ದೂ. "ನಿಮ್ಮಪ್ಪ ಏನು ಬಾಳ ಮಾತಾಡ್ತಾನಾ? ಕೇಳು ಅಲ್ಲೇ ಕುಂತಾನೆ," ಎಂದಳು ಅವ್ವ. ಜಗಲಿಯ ಮೇಲಿದ್ದ ಅಪ್ಪ ಕೇಳಿಸದವನ ಹಾಗೆ ಈರುಳ್ಳಿ ಬೀಜದ ಚೀಲದ ಬಾಯಿ ಕಟ್ಟುತ್ತಿದ್ದ.

ಹೀಗೆ ಕೌದಿ ಶುರುವಾಯಿತು. ಅದು ಮುಗಿದ ದಿನ ಅಕ್ಕ ಹೊರಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬೀದಿಗೇ ಗೊತ್ತಿತ್ತು. ನಲ್ಲಿಯ ಹತ್ತಿರ ಸಿಕ್ಕವರು "ಸುಮಿತ್ರ ಯಾವಾಗ ಹೋಗ್ತಾಳೆ" ಎಂದು ಕೇಳುತ್ತಿರಲಿಲ್ಲ, "ಕೌದಿ ಎಲ್ಲಿಗೆ ಬಂತು" ಎನ್ನುತ್ತಿದ್ದರು.

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ಅಡಿಗೆ ಒಂದು ಗಟ್ಟಿ ಸೀರೆ, ಮೇಲೆ ತುಂಡುಗಳು, ನಡುವೆ ಹಳೆಯ ಬಟ್ಟೆಯ ಪದರ. ನಾಲ್ಕು ಹೆಂಗಸರು ನಾಲ್ಕು ಕಡೆ ಕೂತು, ತಮ್ಮ ತಮ್ಮ ಅಂಚಿಗೆ ಸಮನಾಗಿ ಸಾಲು ಹಾಕುತ್ತ, ಚೌಕದೊಳಗೆ ಚೌಕವಾಗಿ ಒಳಗೆ ಸಾಗುತ್ತಾರೆ. ಇದರಲ್ಲಿ ಒಬ್ಬಳು ಮುಂದೆ ಹೋಗುವಂತಿಲ್ಲ. ಹೋದರೆ ಬಟ್ಟೆ ಅವಳ ಕಡೆ ಜಗ್ಗಿಕೊಂಡು ಎದುರಿನವಳ ಕಡೆ ಮುದುಡಿ ಉಬ್ಬುತ್ತದೆ. ಆದ್ದರಿಂದ ಎಲ್ಲರಿಗಿಂತ ನಿಧಾನ ಯಾರೋ ಅವರ ವೇಗವೇ ಕೌದಿಯ ವೇಗ. ಅಕ್ಕ ಕೌದಿಯನ್ನೇ ಏಕೆ ಆರಿಸಿಕೊಂಡಳು ಎನ್ನುವುದು ನನಗೆ ಹೊಲಿಯಲು ಕೂತ ಮೇಲೆ ಹೊಳೆಯಿತು. ಈಗ ಅವಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ನಾಲ್ಕು ಜನ ಎಂದರೆ ಅವ್ವ, ಅಕ್ಕ, ನಾನು, ಮತ್ತು ಪಕ್ಕದ ಓಣಿಯ ಗಂಗತ್ತೆ. ಗಂಗತ್ತೆ ಅಪ್ಪನ ಅಕ್ಕ. ಊರಿನ ಅರ್ಧ ಕೌದಿಗಳಲ್ಲಿ ಅವಳ ಕೈಯಿತ್ತು. ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಇದ್ದೆ. ಅವ್ವ ಬಬ್ಬೂರಿನ ತೋಟದ ಕೂಲಿ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ ಸೂಜಿ ಹಿಡಿಯುತ್ತಿದ್ದೆವು.

ಮೊದಲ ದಿನವೇ ಸಾಲು ಹೇಗಿರಬೇಕು ಎಂಬುದಕ್ಕೆ ವಾದವಾಯಿತು. ಅಕ್ಕ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದಳು. ಮೂಲೆಗಳಲ್ಲಿ ಎಲೆ, ಅಂಚಿಗೆ ಏರಿಳಿಯುವ ಅಲೆ, ಒಳಗೆಲ್ಲ ಒತ್ತು ಸಾಲು. ಚೆನ್ನಾಗಿತ್ತು. ಎಲೆಯೊಳಗೆ ನರ ಕೂಡ ಎಳೆದಿದ್ದಳು.

"ನರ ಬೇರೆ," ಎಂದಳು ಗಂಗತ್ತೆ. "ಹುಳ ಒಂದು ಬರಿ, ತಿನ್ಲಿ."

ಅವ್ವ ಎರಡು ಬೆರಳು ಬಟ್ಟೆಯ ಮೇಲೆ ಇಟ್ಟಳು. "ಇಷ್ಟು ಬಿಟ್ಟು ಒಂದು, ಇಷ್ಟು ಬಿಟ್ಟು ಒಂದು. ಹೊದ್ಕಂಡ್ರೆ ಬೆಚ್ಚಗಾದ್ರೆ ಸಾಕು."

ಅಕ್ಕ ಸೂಜಿಯ ತುದಿ ಇಟ್ಟಳು. "ಇಷ್ಟು."

"ಲೇ, ಇಷ್ಟು ಒತ್ತಾಗಿ ಹಾಕಿದ್ರೆ ಅದು ಹೊದ್ಕೆ ಆಗಲ್ಲ, ಹಲಗೆ ಆಗ್ತೈತೆ," ಎಂದಳು ಗಂಗತ್ತೆ. "ಬಾಗಿಲಿಗೆ ಬಡ್ಕಬೋದು."

"ಒತ್ತಾಗಿದ್ರೆ ಬಾಳಿಕೆ ಬರ್ತೈತಲ್ಲ ಅತ್ತೆ."

"ಬರ್ತೈತೆ. ಅದು ಮುಗಿಯಾ ಹೊತ್ತಿಗೆ ನಾನು ಬಾಳಿಕೆ ಬರ್ಬೇಕಲ್ಲ."

ಕೊನೆಗೆ ಯಾರ ಕಡೆ ಯಾರಿಗೆ ಹೇಗೆ ಬೇಕೋ ಹಾಗೆ ಎಂದಾಯಿತು. ಮೂಲೆಗೆ ಎಲೆ ಇರಲಿ, ನರ ಬೇಡ. ಅಪ್ಪ ಒಳಗೆ ಬಂದವನು ನೆಲದ ಚಿತ್ರ ದಾಟಿ ಹೋಗುವಾಗ, "ಅವಳ ಕೌದಿ, ಅವಳು ಹೇಳ್ದಂಗೆ ಹೊಲಿಯಾದಲ್ವೇ?" ಎಂದ. ಆ ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು.

ಆಮೇಲಿನ ದಿನಗಳು ನನ್ನಲ್ಲಿ ಬೇರೆ ಬೇರೆಯಾಗಿ ಉಳಿದಿಲ್ಲ. ಕೌದಿಯ ಗುರುತುಗಳಾಗಿ ಉಳಿದಿವೆ. ಅಪ್ಪನ ಪಂಚೆಯ ತುಂಡು ದಾಟಿದಾಗ ಮಳೆ ಹಿಡಿಯಿತು. ಅಕ್ಕನ ಸ್ಕೂಲಿನ ನೀಲಿ ಲಂಗದ ತುಂಡಿಗೆ ಬಂದಾಗ ಎದುರು ಹೊಲದ ಶೇಂಗಾ ಹೂ ಬಿಟ್ಟಿತ್ತು. ನನ್ನ ಬೆರಳ ತುದಿ ತೂತು ಬಿದ್ದು, ಆಮೇಲೆ ಗಟ್ಟಿಯಾಯಿತು. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕೆಲವು ಸಂಜೆ ತಿರುಗುತ್ತಿದ್ದವು, ಕೆಲವು ಸಂಜೆ ನಿಂತಿರುತ್ತಿದ್ದವು. ನಾವು ಮೂವರೂ ಒಂದು ಸಾಲು ಮುಗಿಸಿ, ಅಕ್ಕನ ಕಡೆ ನೋಡುತ್ತ, ದಾರ ಹೊಸೆಯುತ್ತ ಕಾಯುತ್ತಿದ್ದೆವು. ಅವಳು ತಲೆ ಎತ್ತುತ್ತಿರಲಿಲ್ಲ. ಕೆಲಸಗಳ್ಳತನ ಮಾಡಿದಳು ಎಂದು ಯಾರೂ ಅನ್ನುವ ಹಾಗಿರಲಿಲ್ಲ. ನಾಲ್ವರಲ್ಲಿ ಹೆಚ್ಚು ಹೊಲಿಯುತ್ತಿದ್ದವಳು ಅವಳೇ.

ಭಾವನ ತಾಯಿ ಫೋನು ಮಾಡುತ್ತಿದ್ದರು. ಅವ್ವ ಫೋನು ಹಿಡಿದು ಹಿತ್ತಲಿಗೆ ಹೋಗಿ, "ಇನ್ನೇನು ಬೀಗರೇ, ಒಂದ್ ಮೊಳ ಐತೆ ಅಷ್ಟೆ," ಎನ್ನುತ್ತಿದ್ದಳು. ಮುಂದಿನ ವಾರವೂ ಅದೇ ಒಂದು ಮೊಳ.

ಒಂದು ದಿನ ದಾರ ತರುತ್ತೇನೆಂದು ಅಕ್ಕ ಹಿರಿಯೂರಿಗೆ ಹೋದಳು. ಬೆಳಿಗ್ಗೆ ಹೋದವಳು ಮಧ್ಯಾಹ್ನ ಬರಲಿಲ್ಲ. ಅವತ್ತು ಅವ್ವನಿಗೆ ಕೂಲಿ ಇರಲಿಲ್ಲ. ಊಟವಾದ ಮೇಲೆ ಅವಳು ಕೌದಿ ಬಿಡಿಸಿ, ತನ್ನ ಜಾಗ ಬಿಟ್ಟು ಅಕ್ಕನ ಜಾಗದಲ್ಲಿ ಕೂತಳು. ಎರಡೆರಡು ಬೆರಳು ಬಿಟ್ಟು ಒಂದು, ಎರಡೆರಡು ಬೆರಳು ಬಿಟ್ಟು ಇನ್ನೊಂದು. ನಾನು ನೋಡುತ್ತಿದ್ದೆ. ಗಂಗತ್ತೆ ಬಂದವಳು, "ಅದು ಅವಳ ಕಡೆ ಕಣೇ," ಎಂದಳು. ಅವ್ವ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, "ಅವಳ ಕಡೇನೇ ಮತ್ತೆ. ಅವಳಿಗೇ ತಾನೆ ಹೊಲೀತಿರಾದು," ಎಂದಳು.

ಅಕ್ಕ ಸಂಜೆ ಬಂದಳು. ಕೈಯಲ್ಲಿ ದಾರದ ಉಂಡೆಗಳು. ಹಿತ್ತಲಲ್ಲಿ ಮುಖ ತೊಳೆಯುವಾಗ ನನಗೆ ಮೆಲ್ಲಗೆ ಹೇಳಿದಳು: ಹಿರಿಯೂರಿನಲ್ಲಿ ಒಂದು ಟೈಲರ್ ಅಂಗಡಿಗೆ ಹೋಗಿದ್ದಳಂತೆ. ಅಂಗಡಿಯಾಕೆ ಒಂದು ಬ್ಲೌಸು ಹೊಲಿಸಿ ನೋಡಿ, ಹಬ್ಬ ಕಳೆದ ಮೇಲೆ ಕೆಲಸಕ್ಕೆ ಬಾ ಎಂದಿದ್ದಾಳಂತೆ. "ಯಾರಿಗೂ ಹೇಳ್ಬೇಡ," ಎಂದಳು. ನಾನು ಹೇಳಲಿಲ್ಲ. ಅಲ್ಲಿಗೆ ಅವಳಿಗೆ ಹೋಗಲು ಎರಡು ಕಡೆಗಳಾದವು. ಹಬ್ಬದವರೆಗೆ ಕೌದಿ ಮುಗಿಯದೆ ಇರಬೇಕು, ಅಷ್ಟೆ.

ಆಮೇಲೆ ಒಳಗೆ ಬಂದು ತನ್ನ ಕಡೆ ನೋಡಿದಳು. ಒಂದು ಮಧ್ಯಾಹ್ನದಲ್ಲಿ ಅಂಗೈ ಅಗಲ ಮುಂದೆ ಹೋಗಿತ್ತು. ಅವಳು ಕೂಗಾಡುತ್ತಾಳೆ, ಇಲ್ಲವೆ ಎಲ್ಲ ಬಿಚ್ಚುತ್ತಾಳೆ ಎಂದುಕೊಂಡೆ. ಅವಳು ಹೊಸ ದಾರ ಪೋಣಿಸಿ ಕೂತು, ಅವ್ವನ ಎರಡು ಸಾಲುಗಳ ನಡುವೆ ತನ್ನದೊಂದು ಹಾಕಿದಳು. ಮತ್ತೆರಡರ ನಡುವೆ ಮತ್ತೊಂದು. ಅದರ ಆಚೆ ಈಚೆ ಇನ್ನೂ ಒಂದೊಂದು.

"ಬೇಡ ಅಂದ್ರೆ ಬಿಚ್ಚಿ ಹಾಕು," ಎಂದಳು ಅವ್ವ. "ಇದೇನಿದು."

"ನೀನು ಹಾಕಿದ್ದು ಯಾಕೆ ಬಿಚ್ಚಲಿ? ಇರ್ಲಿ ಬಿಡು. ನಡುವೆ ಜಾಗ ಐತೆ."

ಅವ್ವ ಎದ್ದು ಅಡುಗೆಮನೆಗೆ ಹೋದಳು. ಆವತ್ತು ಪಾತ್ರೆಗಳ ಸದ್ದು ಜಾಸ್ತಿ ಇತ್ತು ಎಂದು ಬರೆಯಲು ಮನಸ್ಸಾಗುತ್ತದೆ. ಇತ್ತೋ ಇಲ್ಲವೋ. ಆದರೆ ಆ ಸಾಲುಗಳು ಇವೆ. ಕಳೆದ ತಿಂಗಳು ಒದ್ದೆ ಕೌದಿಯ ಮೇಲೆ ಬೆರಳಾಡಿಸಿ ಹುಡುಕಿದೆ. ಒಂದು ಜಾಗದಲ್ಲಿ ದಪ್ಪ ಹೊಲಿಗೆಯ ಸಾಲು, ಅದರ ಪಕ್ಕ ಸಣ್ಣ ಹೊಲಿಗೆಯ ಸಾಲುಗಳು ಬರುತ್ತವೆ. ಇಬ್ಬರ ಕೈ ಎಂಬುದರಲ್ಲಿ ಅನುಮಾನವಿಲ್ಲ. ಅಕ್ಕನಿಗೆ ತೋರಿಸಿದೆ. "ಅವ್ವನ ಕಣ್ಣು ಆಗ್ಲೇ ಮಂಜಾಗಿತ್ತು," ಎಂದಳು. "ಬಿಟ್ಟು ಬಿಟ್ಟು ಹಾಕಿದ್ಲು, ನಾನು ತುಂಬಿಸ್ದೆ." ಅದೂ ಇರಬಹುದು.

ಭಾವ ಬಂದದ್ದು ಇದಾದ ಮೇಲೆ. ಭಾನುವಾರ ಇರಬೇಕು, ಅಂಗಡಿ ಮುಚ್ಚಿ ಬಂದಿದ್ದರು. ಅಂಗಿ ಇಸ್ತ್ರಿಯಾಗಿತ್ತು, ಕೈಯಿಂದ ವಾರ್ನಿಷ್ ವಾಸನೆ ಹೋಗಿರಲಿಲ್ಲ. ಅವ್ವ "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಹಾಕಿದಳು. ಅಪ್ಪನೂ ಅವರೂ ಎದುರುಬದುರು ಕೂತರು. ಒಬ್ಬರು "ಈ ಸಲ ಮಾರಿಕಣಿವೆ ಡ್ಯಾಂ ನೀರು ಬಿಡ್ತಾರಂತೆ" ಎಂದರು, ಇನ್ನೊಬ್ಬರು "ಹೂಂ" ಎಂದರು. ಯಾರು ಯಾವುದು ಅಂದದ್ದೋ ತಿಳಿಯದು. ಅಷ್ಟಕ್ಕೇ ಅರ್ಧ ಮಧ್ಯಾಹ್ನ ಕಳೆಯಿತು. ಒಳಗೆ ಗಂಗತ್ತೆ ನನ್ನ ತೊಡೆ ಚಿವುಟಿ, "ರೇಣಿ, ಇಬ್ರನ್ನೂ ಕೋರ್ಟಿಗೆ ಸಾಕ್ಷಿ ಕರ್ಕಂಡು ಹೋದ್ರೆ ಜಡ್ಜು ಎದ್ದು ಮನೆಗೆ ಹೋಗ್ತಾನೆ," ಎಂದಳು.

ಕಾಫಿ ಕುಡಿದು ಭಾವ ಒಳಗೆ ಬಂದರು. ನಾವು ಹೊಲಿಯುತ್ತಿದ್ದೆವು. ಗಂಡಸರು ಕೌದಿಯ ಹತ್ತಿರ ಬರುವುದು ಕಡಿಮೆ. ಅವರು ಅಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೋರುಬೆರಳನ್ನು ಅವಳ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು. ತಂತಿ ಮುಟ್ಟಿ ನೋಡುವವರ ಹಾಗೆ.

"ಇದು ಯಾರು ಹಾಕಿದ್ದು?"

"ನಾನು," ಎಂದಳು ಅಕ್ಕ.

"ಒಂದರ ಮೇಲೆ ಒಂದು ಬಿದ್ದಿಲ್ಲ. ನನ್ನ ಹತ್ರ ಇರೋರು ಯಾರೂ ಇಷ್ಟು ಚೆನ್ನಾಗಿ ಸುತ್ತಲ್ಲ. ನೀನು ಸುತ್ತಿದ್ರೆ ಮೋಟ್ರು ಸುಡಲ್ಲ."

ಆಮೇಲೆ ಜೇಬಿನಿಂದ ಬಿಳಿಯ ಹತ್ತಿ ಟೇಪಿನ ಒಂದು ಸುರುಳಿ ತೆಗೆದು ಕೌದಿಯ ಮೇಲೆ ಇಟ್ಟರು. ಸುತ್ತಿದ ತಂತಿಯನ್ನು ಬಿಗಿದು ಕಟ್ಟಲು ಬಳಸುವ ಟೇಪು. "ಅಂಚಿಗೆ ಹಾಕ್ಬೋದೇನೋ," ಎಂದರು. ಅಕ್ಕ ಸೂಜಿ ನಿಲ್ಲಿಸಿ ಅವರ ಮುಖ ನೋಡಿದಳು. ಅಷ್ಟು ಮಾತನ್ನು ಅವರ ಬಾಯಿಂದ ಅವಳು ಅದುವರೆಗೆ ಕೇಳಿರಲಿಲ್ಲ ಎನ್ನುವುದು ನಮಗೆಲ್ಲ ತಿಳಿಯಿತು. ಅವಳು ನಕ್ಕಳು.

ಇದು ತೀರ ಸರಿಯಾಗಿ ಹೊಂದುತ್ತದೆ. ಮಾತಾಡದ ಗಂಡಸು ಬಂದು, ಅವನಿಂದ ದೂರ ಇರಲೆಂದು ಹಾಕಿದ ಸಾಲನ್ನೇ ನೋಡಿ ಮಾತಾಡಿದ. ಅದಕ್ಕೇ ನನಗೆ ನಂಬಿಕೆ ಬರುವುದಿಲ್ಲ. ಶ್ರೀರಾಂಪುರದಲ್ಲಿ ಭಾವನನ್ನೇ ಕೇಳಿದೆ. "ನೆನಪಿಲ್ಲ ಕಣಮ್ಮ," ಎಂದು ಮುಗುಳ್ನಕ್ಕು ಅಂಗಡಿಗೆ ಹೋದರು. ಕೌದಿಯ ಅಂಚಿಗೆ ಬಿಳಿಯ ಟೇಪು ಇದೆ. ಅಕ್ಕನ ಪ್ರಕಾರ ಅದನ್ನು ಹಾಕಿದ್ದು ಮಗಳು ಹುಟ್ಟಿದ ಮೇಲೆ, ಅಂಚು ಸವೆದಾಗ, ಭಾವನ ಅಂಗಡಿಯಿಂದ ತಾನೇ ತಂದು. ಹಾಗಾದರೆ ನಾನು ಕಂಡ ಸುರುಳಿ ಯಾವುದು? ನೋಡಿದ್ದೇನೆಯೇ, ಇಲ್ಲ ಅಂಚಿನ ಟೇಪು ನೋಡಿದ ಮೇಲೆ ಅದನ್ನು ಭಾವನ ಜೇಬಿಗೆ ಹಾಕಿದೆನೇ?

ಭಾವ ಹೋದ ಮೇಲೆ ಅಕ್ಕನ ವೇಗ ಬದಲಾಗಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು, ಅವಳ ಕಡೆ ಕೊನೆಯವರೆಗೂ ಒತ್ತಾಗೇ ಇದೆ. ಟೈಲರ್ ಅಂಗಡಿಯ ಮಾತು ಅವಳು ಮತ್ತೆ ಎತ್ತಲಿಲ್ಲ, ಬಿಟ್ಟೆ ಎಂದೂ ಹೇಳಲಿಲ್ಲ. ಹೀಗೆ ನಾಲ್ಕು ಕಡೆಯೂ ಸಾಗಿ ಸಾಗಿ, ನಡುವೆ ಒಂದು ರೊಟ್ಟಿಯಷ್ಟು ಜಾಗ ಉಳಿಯಿತು.

ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಅದನ್ನು ಮುಚ್ಚುವ ಮೊದಲು ಒಳಗೆ ಒಂದು ಚಿಟಿಕೆ ಅಕ್ಕಿ, ಒಂದು ಚೂರು ಬೆಲ್ಲ ಇಡಬೇಕು. ಎಲ್ಲ ಮನೆಗಳಲ್ಲೂ ಇಡುತ್ತಾರೋ ತಿಳಿಯದು, ಗಂಗತ್ತೆ ಇದ್ದ ಕಡೆ ಇಡದೆ ಬಿಡುತ್ತಿರಲಿಲ್ಲ. ಹೊಟ್ಟೆಗೆ ಹಾಕದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳು. ಇನ್ನೊಂದು ನಿಯಮ: ಕೌದಿ ಯಾರದ್ದೋ ಅವರೇ ತಮ್ಮ ಕೈಯಿಂದ ಅದನ್ನು ಮುಚ್ಚಬೇಕು. ಬೇರೆಯವರು ಮುಚ್ಚಿದರೆ ಅದು ಮುಚ್ಚಿದವರದ್ದಾಗುತ್ತದೆ.

"ಹಾಕವ್ವ, ಮುಗಿಸು," ಎಂದು ಗಂಗತ್ತೆ ಬೆಲ್ಲದ ಚೂರು ಹಿಡಿದು ಕೂತಳು.

"ಇನ್ನೊಂದು ಸಾಲು ಹಿಡಿಸ್ತೈತೆ ಅತ್ತೆ," ಎಂದಳು ಅಕ್ಕ. ಮರುದಿನವೂ ಇನ್ನೊಂದು ಸಾಲು. ಗಂಗತ್ತೆ ಕೊನೆಗೆ ಆ ಬೆಲ್ಲ ತಾನೇ ಬಾಯಿಗೆ ಹಾಕಿಕೊಂಡಳು. "ಕೌದಿ ಉಪವಾಸ ಇರ್ಲಿ, ನಾನ್ಯಾಕೆ ಇರ್ಲಿ."

ಹಬ್ಬ ಹತ್ತಿರ ಬಂದಿತ್ತು.

ನಾನು ಮಾರ್ಕ್ಸ್ ಕಾರ್ಡ್ ತರಲು ದುರ್ಗದ ಕಾಲೇಜಿಗೆ ಹೋಗಿದ್ದ ದಿನ ಕೌದಿ ಮುಗಿಯಿತು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಪಡಸಾಲೆ ಖಾಲಿ. ಬಟ್ಟೆ ಹಾರದಂತೆ ಮೂಲೆಗಳಿಗೆ ಇಡುತ್ತಿದ್ದ ಗುಂಡುಕಲ್ಲುಗಳು ಗೋಡೆಯ ಪಕ್ಕಕ್ಕೆ ಹೋಗಿದ್ದವು, ನೆಲ ಗುಡಿಸಿತ್ತು. ಕೌದಿ ಮಡಿಚಿ ಮಂಚದ ಮೇಲಿತ್ತು. ಬಿಡಿಸಿ ನೋಡಿದೆ. ನಡುವಿನ ಜಾಗ ಮುಚ್ಚಿತ್ತು, ಬಟ್ಟೆಯ ಬಣ್ಣದ್ದೇ ದಾರದಲ್ಲಿ, ಹೊಲಿಗೆ ಸಣ್ಣದೋ ದಪ್ಪವೋ ಕಾಣದ ಹಾಗೆ. ಅಕ್ಕ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ನಾಳೆ ಹೊರಡುತ್ತಾಳೆ ಎಂದಳು ಅವ್ವ.

"ಹೊಟ್ಟೆ ಯಾರು ಮುಚ್ಚಿದ್ದು?"

"ಅವಳೇ. ಮತ್ಯಾರು?"

ಗಂಗತ್ತೆಯನ್ನು ಆಮೇಲೆ ಎಷ್ಟೋ ದಿನ ಬಿಟ್ಟು ಕೇಳಿದಾಗ, "ನಿಮ್ಮವ್ವನೇ. ನಾನು ಬೇಡ ಬೇಡ ಅಂತ ಕೈ ಹಿಡ್ಕಂಡೆ," ಎಂದಳು. ಕಳೆದ ತಿಂಗಳು ಅಕ್ಕ ಹೇಳಿದ್ದು ಬೇರೆ: "ಗಂಗತ್ತೆ ಕಣೇ. ಕಾದು ಕಾದು ಸಾಕಾಗಿ ಒಂದಿನ ಅವಳೇ ಹಾಕ್ಬಿಟ್ಲು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು." ಅವ್ವನೂ ಗಂಗತ್ತೆಯೂ ಈಗ ಇಲ್ಲ. ಅಕ್ಕ ತಾನೇ ಮುಚ್ಚಿದ್ದರೆ ಅವಳು ಹೊರಟಳು ಎನ್ನಬೇಕು, ಬೇರೆಯವರು ಮುಚ್ಚಿದ್ದರೆ ಕಳಿಸಿದರು ಎನ್ನಬೇಕು. ನಾನು ದುರ್ಗದಲ್ಲಿ ಕಾಲೇಜಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಅದು ತೀರ್ಮಾನವಾಯಿತು.

ಅಕ್ಕ ಚೆನ್ನಾಗಿದ್ದಾಳೆ. ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟು ಬ್ಲೌಸು ಹೊಲಿಯುತ್ತಾಳೆ. ಸಂಜೆ ಭಾವ ಬಾಗಿಲ ಬಳಿ ಕೂರುತ್ತಾರೆ, ಇವಳು ಮಷೀನು ತುಳಿಯುತ್ತ ಮಾತಾಡುತ್ತಿರುತ್ತಾಳೆ, ಅವರು ಹೂಂ ಎನ್ನುತ್ತಾರೆ. ಆ ಹೂಂಗಳಲ್ಲಿ ನಾಲ್ಕೈದು ಬಗೆ ಇವೆ ಎಂದು ನನಗೆ ಈ ಸಲ ಕೇಳಿಸಿತು. ಇದರಿಂದ ಏನನ್ನೂ ತೀರ್ಮಾನಿಸಲಾರೆ. ಈಗ ಚೆನ್ನಾಗಿರುವುದು ಆವತ್ತಿನ ಪ್ರಶ್ನೆಗೆ ಉತ್ತರವಲ್ಲ.

ಕೌದಿ ಮುಗಿದ ಮರುದಿನ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಲು ಹಿರಿಯೂರಿನವರೆಗೆ ನಾನೇ ಹೋದೆ. ಕೌದಿಯನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೆವು. ಶ್ರೀರಾಂಪುರದ ಕಡೆ ಹೋಗುವ ಹೊಸದುರ್ಗದ ಬಸ್ಸು ಬಂತು. ಅವಳು ಒಳಗೆ ಹತ್ತಿ ಕಿಟಕಿಯ ಪಕ್ಕ ಕೂತಳು, ನಾನು ಚೀಲವನ್ನು ಅವಳ ಕಾಲಡಿಗೆ ತಳ್ಳಿ ಇಳಿದೆ. ನಿನಗೆ ಇಷ್ಟವಿದ್ದು ಹೋಗ್ತಿದ್ದೀಯಾ ಎಂದು ಕಿಟಕಿಯ ಹೊರಗೆ ನಿಂತು ಕೇಳಬೇಕೆಂದುಕೊಂಡಿದ್ದೆ. ಕೇಳಿದೆನೋ ಇಲ್ಲವೋ ನನಗೆ ನೆನಪಿಲ್ಲ. ಬಸ್ಸಿನ ಇಂಜಿನ್ ಶುರುವಾಗಿತ್ತು, ಅಕ್ಕ ನನ್ನ ಕಡೆ ಬಾಗಿ ಏನೋ ಹೇಳಿದಳು. ಏನು ಹೇಳಿದಳೋ ನನಗೆ ಗೊತ್ತಿಲ್ಲ.